ಚೆಬಿಶೆವ್ವಾ, ಬೊರೆಲ್-ಕಾಂಟೆಲ್ಲಿನಾ, ಮಾರ್ಟಿಂಗೇಲಾ? ಪ್ರಾಬಬಿಲಿಟಿ ಲೆಕ್ಕಕ್ಕೆ ಯಾವಾಗ ಯಾವುದು

ಶಂಕರಘಟ್ಟದಲ್ಲಿ ಎಂಎಸ್ಸಿ ಮಾಡ್ತಿರೋರು, ಶಿವಮೊಗ್ಗದಲ್ಲಿ ರೂಮ್ ಮಾಡ್ಕೊಂಡು ನೆಟ್ ಪರೀಕ್ಷೆಗೆ ಓದ್ತಿರೋರು, ತೀರ್ಥಹಳ್ಳಿ ಸಾಗರ ಕಡೆಯಿಂದ ಭಾನುವಾರ ಬಸ್ ಹತ್ತಿ ಬರೋರು, ಎಲ್ಲಾ ಒಟ್ಟಿಗೆ ಲೆಕ್ಕ ಬಿಡಿಸೋಕೆ ಕೂತ್ರೆ ಕೊನೆಗೆ ಬರೋದು ಒಂದೇ ಪ್ರಶ್ನೆ, "ಅಣ್ಣ, ಇದಕ್ಕೆ ಯಾವ ಥಿಯರಮ್ ಹಾಕ್ಬೇಕು?" ಥಿಯರಮ್ ಗೊತ್ತಿಲ್ಲ ಅಂತಲ್ಲ, ಪ್ರೂಫ್ ಸಮೇತ ಬಾಯಿಪಾಠ ಇರುತ್ತೆ, ಆದ್ರೆ ಲೆಕ್ಕ ಎದುರಿಗೆ ಬಂದಾಗ ಕೈ ಓಡಲ್ಲ. ಕೆಲವ್ರು ಎಲ್ಲದಕ್ಕೂ ಮಾರ್ಟಿಂಗೇಲೇ (ನ್ಯಾಯದ ಜೂಜಿನ ಥರ, ಮುಂದಿನ ಬೆಲೆಯ ಸರಾಸರಿ ಈಗಿನ ಬೆಲೆಯಷ್ಟೇ ಇರೋ ಪ್ರಕ್ರಿಯೆ) ತರ್ತಾರೆ, ತೋಟದಲ್ಲಿ ಒಂದು ಕಳೆ ಕೀಳೋಕೆ ಜೆಸಿಬಿ ತರ್ಸಿದಂಗೆ. ಇನ್ ಕೆಲವ್ರು ಚೆಬಿಶೆವ್ ಬಿಟ್ಟು ಆಚೆ ಹೋಗೋದೇ ಇಲ್ಲ.

ನನ್ ಲೆಕ್ಕಾಚಾರ ಇಷ್ಟೇ ಮಾರಾಯ್ರೆ: ಪ್ರಶ್ನೆಯಲ್ಲಿ ಎಂತ ಕೊಟ್ಟಿದ್ದಾರೆ ಅಂತ ಮೊದ್ಲು ಪಟ್ಟಿ ಮಾಡಿ, ಮೀನ್ (ಸರಾಸರಿ) ಮಾತ್ರವಾ, ವೇರಿಯನ್ಸೂ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) ಇದ್ಯಾ, ಪೂರ್ತಿ ಇಂಡಿಪೆಂಡೆನ್ಸ್ (ಒಂದರ ಪ್ರಭಾವ ಇನ್ನೊಂದರ ಮೇಲೆ ಇಲ್ಲದಿರೋದು) ಇದ್ಯಾ ಇಲ್ಲಾ ಎರಡೆರಡಕ್ಕೆ ಮಾತ್ರವಾ, ಬೌಂಡೆಡ್ಡಾ. ಆಮೇಲೆ ಕೊಟ್ಟಿದ್ದನ್ನೆಲ್ಲಾ ಬಳಸ್ಕೊಳ್ಳೋ ಥಿಯರಮ್‌ಗಳಲ್ಲಿ ಅತಿ ಹಗುರದ್ದನ್ನ ತಗೊಳ್ಳಿ. ಕೊಟ್ಟಿರೋ ಒಂದು ಕಂಡೀಶನ್ ನಿಮ್ ಉತ್ತರದಲ್ಲಿ ಎಲ್ಲೂ ಬಳಕೆ ಆಗಿಲ್ಲ ಅಂದ್ರೆ ಎಲ್ಲೋ ಏನೋ ಬಿಟ್ಟಿದೀರ ಅಂತಲೇ ಅರ್ಥ, ಪ್ರಶ್ನೆ ಹಾಕೋರು ಸುಮ್ನೆ ಬರ್ದಿರಲ್ಲ.

ಬಾಲದ (ಸರಾಸರಿಯಿಂದ ತುಂಬಾ ದೂರ ಬೀಳೋ ಚಾನ್ಸ್‌ನ) ಅಂದಾಜು: ಮಾರ್ಕೊವ್, ಚೆಬಿಶೆವ್, ಹೆಫ್ಡಿಂಗ್

ನಾಣ್ಯ ನೂರು ಸಲ ಚಿಮ್ಮಿದ್ರೆ 75 ಅಥವಾ ಅದಕ್ಕಿಂತ ಜಾಸ್ತಿ ಹೆಡ್ ಬರೋ ಚಾನ್ಸ್ ಎಷ್ಟು? ಮಾರ್ಕೊವ್‌ಗೆ ಗೊತ್ತಿರೋದು ಮೀನ್ 50 ಅನ್ನೋದು ಮಾತ್ರ, ಹಂಗಾಗಿ 50/75, ಅಂದ್ರೆ 2/3ಕ್ಕಿಂತ ಜಾಸ್ತಿ ಇರಲ್ಲ ಅನ್ನುತ್ತೆ, ಅದರಿಂದ ಯಾರಿಗೂ ಉಪಯೋಗ ಇಲ್ಲ. ಚೆಬಿಶೆವ್‌ಗೆ ವೇರಿಯನ್ಸ್ 25 ಅಂತ ಗೊತ್ತು, ಎರಡೂ ಕಡೆ ಸೇರಿ 25/625, ಅಂದ್ರೆ 0.04, ಎರಡೂ ಬದಿ ಒಂದೇ ಥರ ಇರೋದ್ರಿಂದ ಒಂದು ಕಡೆಗೆ 0.02. ಹೆಫ್ಡಿಂಗ್ 1963ರಲ್ಲಿ ಕೊಟ್ಟ ಅಸಮತೆ ಹಾಕಿದ್ರೆ ಇ ಘಾತ ಮೈನಸ್ 12.5, ಕೋಟಿಗೆ ಸುಮಾರು 37. ಚೆರ್ನಾಫ್‌ನ (1952) ಪೂರ್ತಿ ರೂಪದಲ್ಲಿ, ಅಂದ್ರೆ ಮೊಮೆಂಟ್ ಜನರೇಟಿಂಗ್ ಫಂಕ್ಷನ್‌ನ ಅತಿ ಕಮ್ಮಿ ಮಾಡೋ ಪ್ಯಾರಾಮೀಟರ್ ಹುಡುಕಿ ಮಾಡಿದ್ರೆ ಕೋಟಿಗೆ 21ರ ಹತ್ರ. ನಿಜವಾದ ಬೆಲೆ ಕೋಟಿಗೆ ಮೂರೂ ಇಲ್ಲ, 2.8. ನೋಡಿ, 2/3ರಿಂದ ಶುರುವಾಗಿ ಎಲ್ಲಿಗೆ ಬಂತು. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಹೊಸ ಮಾಹಿತಿ ಖರ್ಚಾಗಿದೆ ಅಷ್ಟೆ.

ಹಂಗಂತ ಯಾವಾಗ್ಲೂ ಹೆಫ್ಡಿಂಗೇ ಹಾಕಿಬಿಡಾಣ ಅಂದ್ರೆ ಇಲ್ಲೇ ಸಿಕ್ಕಾಕೊಳ್ಳೋದು. ಅದಕ್ಕೆ ಪೂರ್ತಿ ಇಂಡಿಪೆಂಡೆನ್ಸ್ ಬೇಕು, ಚೆಬಿಶೆವ್‌ಗೆ ಎರಡೆರಡು ಇಂಡಿಪೆಂಡೆಂಟ್ ಆದ್ರೆ ಸಾಕು. ಒಂದು ಉದಾಹರಣೆ ಕೈಯಲ್ಲಿ ಇಟ್ಕೊಳ್ಳಿ: ಕೆ ನಾಣ್ಯ ಚಿಮ್ಮಿ, ಹೆಡ್ಡಿಗೆ 1 ಟೇಲಿಗೆ 0 ಬರ್ಕೊಳ್ಳಿ, ಈಗ ಈ ಕೆ ನಾಣ್ಯಗಳ ಖಾಲಿ ಅಲ್ಲದ ಪ್ರತಿ ಗುಂಪಿಗೂ ಅದರ ಮೊತ್ತ ಸರಿಯೋ ಬೆಸವೋ ಅಂತ ಒಂದು ಹೊಸ ಬಿಟ್ ಮಾಡಿ. ಎರಡರ ಘಾತ ಕೆ, ಅದರಲ್ಲಿ ಒಂದು ಕಳೆದಷ್ಟು ಬಿಟ್ ಸಿಗುತ್ತೆ, ಅದನ್ನ ಎನ್ ಅನ್ನಿ, ಇವು ಎರಡೆರಡಾಗಿ ಇಂಡಿಪೆಂಡೆಂಟ್. ಆದ್ರೆ ಮೂಲ ನಾಣ್ಯ ಎಲ್ಲಾ ಟೇಲ್ ಬಿದ್ರೆ ಎಲ್ಲಾ ಎನ್ ಬಿಟ್ಟೂ ಸೊನ್ನೆ, ಅದರ ಚಾನ್ಸ್ 1/(ಎನ್+1). ಹೆಫ್ಡಿಂಗ್ ಹಾಕಿದ್ರೆ ಇದು ಎಕ್ಸ್‌ಪೊನೆನ್ಷಿಯಲ್ ಆಗಿ ಸಣ್ಣ ಇರ್ಬೇಕಿತ್ತು, ಅಂದ್ರೆ ಸುಳ್ಳು ಉತ್ತರ. ಚೆಬಿಶೆವ್ ಹಾಕಿದ್ರೆ 1/ಎನ್, ಹೆಚ್ಚೂಕಮ್ಮಿ ಸರಿಯಾದ ಬೆಲೆ! ಚೆಬಿಶೆವ್ ಅಂದ್ರೆ ಬಡಪಾಯಿ ಅನ್ಕೊಂಡೋರು ಇದನ್ನ ಒಂದ್ಸಲ ಪೇಪರ್ ಮೇಲೆ ಕೆ ಈಕ್ವಲ್ ಟು 2 ಇಟ್ಕೊಂಡು ಮಾಡಿ ನೋಡಿ, ಮೂರೇ ಬಿಟ್ ಬರುತ್ತೆ, ಐದು ನಿಮಿಷದ ಕೆಲ್ಸ.

(ಈ ಎಕ್ಸ್‌ಪೊನೆನ್ಷಿಯಲ್ ಬಾಲದ ದಾರಿಯಲ್ಲೇ ಮುಂದೆ ಹೋದ್ರೆ ಲಾರ್ಜ್ ಡೀವಿಯೇಶನ್ ಸಿಗುತ್ತೆ, ಕ್ರಾಮೆರ್ 1938ರಲ್ಲಿ ಶುರು ಮಾಡಿದ್ದು, ಚೆನ್ನೈನ ಎಸ್.ಆರ್.ಎಸ್. ವರದನ್ ಅವರಿಗೆ 2007ರಲ್ಲಿ ಅಬೆಲ್ ಪ್ರಶಸ್ತಿ ಬಂದಿದ್ದು ಅದರ ದೊಡ್ಡ ಥಿಯರಿಗೆ.)

ಲಾ ಆಫ್ ಲಾರ್ಜ್ ನಂಬರ್ಸ್: ಮೊಮೆಂಟ್ ಎಷ್ಟು ಕೊಟ್ಟಿದ್ದಾರೆ ನೋಡಿ

ಸ್ಟ್ರಾಂಗ್ ಲಾ (ಎನ್ ಬೆಳೀತಾ ಹೋದಂಗೆ ಸರಾಸರಿ ಮೀನ್‌ಗೆ ಹೋಗುತ್ತೆ, ಪ್ರಾಬಬಿಲಿಟಿ ಒಂದು) ಪ್ರೂವ್ ಮಾಡಿ ಅಂತ ಕೊಟ್ಟಾಗ ನಾಲ್ಕನೇ ಮೊಮೆಂಟ್ (ನಾಲ್ಕನೇ ಘಾತದ ಸರಾಸರಿ) ಫೈನೈಟ್ ಅಂತ ಬರ್ದಿದ್ರೆ ಖುಷಿ ಪಡಿ, ಮಾರ್ಕೊವ್ ಅನ್ನ ನಾಲ್ಕನೇ ಘಾತಕ್ಕೆ ಹಾಕಿ, ಮೀನ್ ಕಳೆದ ಮೊತ್ತದ ನಾಲ್ಕನೇ ಮೊಮೆಂಟ್ ಎನ್ ವರ್ಗದ ಗಾತ್ರ, ಕೆಳಗೆ ಎನ್‌ನ ನಾಲ್ಕನೇ ಘಾತ, ಉಳಿಯೋದು 1/ಎನ್ ವರ್ಗ, ಸೀರೀಸ್ ಕನ್ವರ್ಜ್ ಆಗುತ್ತೆ, ಬೊರೆಲ್-ಕಾಂಟೆಲ್ಲಿ (ಚಾನ್ಸ್‌ಗಳ ಮೊತ್ತ ಕನ್ವರ್ಜ್ ಆದ್ರೆ ಅಂಥ ಘಟನೆ ಸೀಮಿತ ಸಲ ಮಾತ್ರ) ಹೇಳಿ ಮುಗ್ಸಿ. ವೇರಿಯನ್ಸ್ ಮಾತ್ರ ಕೊಟ್ಟಿದ್ರೆ ಇದೇ ದಾರಿಯಲ್ಲಿ 1/ಎನ್ ಬರುತ್ತೆ, ಅದು ಡೈವರ್ಜ್, ಅಲ್ಲಿ ಸುಮಾರು ಜನ ಪೆನ್ ಕೆಳಗಿಡ್ತಾರೆ. ಇಡ್ಬೇಡಿ. ಎನ್ ಎಲ್ಲಾ ಬೇಡ, 1, 4, 9, 16 ಹಿಂಗೆ ವರ್ಗಸಂಖ್ಯೆ ಮೇಲೆ ಮಾತ್ರ ನೋಡಿ, ಆಗ ಸೀರೀಸ್ ಕನ್ವರ್ಜ್ ಆಗುತ್ತೆ, ಮಧ್ಯದ ಗ್ಯಾಪ್‌ಗೆ ಪಾಸಿಟಿವ್ ಭಾಗ ನೆಗೆಟಿವ್ ಭಾಗ ಬೇರೆ ಮಾಡಿದ್ರೆ ಮೊತ್ತ ಏರ್ತಾನೇ ಹೋಗುತ್ತೆ, ಹಂಗಾಗಿ ಎರಡು ವರ್ಗಸಂಖ್ಯೆ ನಡುವೆ ಅದು ಎಲ್ಲೂ ಓಡಿಹೋಗೋಕಾಗಲ್ಲ. ಮೊದಲ ಮೊಮೆಂಟ್ ಮಾತ್ರ ಕೊಟ್ಟಿದ್ರೆ ಟ್ರಂಕೇಶನ್ನೇ (ತುಂಬಾ ದೊಡ್ಡ ಬೆಲೆಗಳನ್ನ ಕತ್ತರಿಸಿ ಹಾಕೋದು) ಗತಿ. ಅದರಲ್ಲೂ 1981ರ ಎಟೆಮಾಡಿ ಪ್ರೂಫ್ ಕಲ್ತಿರಿ, ಎರಡೆರಡು ಇಂಡಿಪೆಂಡೆಂಟ್ ಆಗಿ ಒಂದೇ ಡಿಸ್ಟ್ರಿಬ್ಯೂಶನ್ ಇದ್ರೆ ಸಾಕು ಅಂತ ತೋರಿಸುತ್ತೆ, ಕೊಲ್ಮೊಗೊರೊವ್ ಅಸಮತೆನೂ ಬೇಡ. ರಿವರ್ಸ್ ಮಾರ್ಟಿಂಗೇಲ್ ಪ್ರೂಫ್ ನೋಡೋಕೆ ಚಂದ, ಆದ್ರೆ ಪರೀಕ್ಷೆಯಲ್ಲಿ ಅದರ ಹಿಂದಿರೋ ಥಿಯರಮ್ ಎಲ್ಲಾ ಬರೀಬೇಕಾದ್ರೆ ಸಮಯ ಸಾಲಲ್ಲ.

ದಾಖಲೆ ಮಳೆ ಲೆಕ್ಕ

ಬೊರೆಲ್-ಕಾಂಟೆಲ್ಲಿಯ ಎರಡು ಭಾಗದಲ್ಲಿ (ಮೊದಲನೇದು, ಚಾನ್ಸ್‌ಗಳ ಮೊತ್ತ ಕನ್ವರ್ಜ್ ಆದ್ರೆ ಘಟನೆ ಸೀಮಿತ ಸಲ; ಎರಡನೇದು, ಮೊತ್ತ ಡೈವರ್ಜ್ ಆಗಿ ಇಂಡಿಪೆಂಡೆನ್ಸೂ ಇದ್ರೆ ಅನಂತ ಸಲ) ಯಾವುದು ಯಾವಾಗ ಅನ್ನೋದಕ್ಕೆ ನಮ್ಮೂರಲ್ಲಿ ಇದಕ್ಕಿಂತ ಒಳ್ಳೆ ಲೆಕ್ಕ ಇಲ್ಲ. ಆಗುಂಬೆ ಜಾಸ್ತಿನೋ ಹುಲಿಕಲ್ ಜಾಸ್ತಿನೋ ಅನ್ನೋ ಜಗಳ ಪಕ್ಕಕ್ಕಿಡಿ, ಒಂದೇ ಜಾಗ ತಗೊಳ್ಳಿ. ಪ್ರತಿ ವರ್ಷದ ಮಳೆ ಇಂಡಿಪೆಂಡೆಂಟ್, ಒಂದೇ ಕಂಟಿನ್ಯೂಯಸ್ ಡಿಸ್ಟ್ರಿಬ್ಯೂಶನ್ ಅನ್ಕೊಳ್ಳಾಣ (ನಿಜವಾಗಿ ಹಂಗಿಲ್ಲ, ಹವಾಮಾನ ಬದಲಾಗ್ತಿದೆ, ಅದು ಬೇರೆ ಮಾತು). ಎನ್‌ನೇ ವರ್ಷ ಹಿಂದಿನ ಎಲ್ಲಾ ವರ್ಷನೂ ಮೀರಿದ್ರೆ ಅದು ದಾಖಲೆ. ಎನ್ ವರ್ಷದಲ್ಲಿ ಅತಿ ಹೆಚ್ಚು ಮಳೆ ಯಾವ ವರ್ಷ ಬೇಕಾದ್ರೂ ಇರ್ಬೋದು, ಎಲ್ಲಕ್ಕೂ ಸಮ ಚಾನ್ಸ್, ಹಂಗಾಗಿ ಎನ್‌ನೇ ವರ್ಷ ದಾಖಲೆ ಆಗೋ ಪ್ರಾಬಬಿಲಿಟಿ 1/ಎನ್. ಮಿಲಿಮೀಟರ್ ಎಷ್ಟು, ಡಿಸ್ಟ್ರಿಬ್ಯೂಶನ್ ಯಾವುದು, ಎಂತದ್ದೂ ಬೇಡ! ಇನ್ನೊಂದು ಮಜಾ ಅಂದ್ರೆ ಬೇರೆ ಬೇರೆ ವರ್ಷ ದಾಖಲೆ ಆಗೋ ಘಟನೆಗಳು ಇಂಡಿಪೆಂಡೆಂಟ್, ಯಾಕಂದ್ರೆ ಎನ್‌ನೇ ವರ್ಷಕ್ಕೆ ಸಿಗೋ ರ್‍ಯಾಂಕ್‌ಗೂ ಹಿಂದಿನವರು ತಮ್ಮತಮ್ಮಲ್ಲಿ ಹೆಂಗೆ ಸಾಲಾಗಿ ನಿಂತಿದ್ರು ಅನ್ನೋದಕ್ಕೂ ಸಂಬಂಧ ಇಲ್ಲ. ಇದನ್ನ ರೆನ್ಯಿ 1962ರಲ್ಲಿ ಬರೆದಿದ್ದು.

ಈಗ ಪ್ರಶ್ನೆ ಒಂದು: ದಾಖಲೆ ಮುರಿಯೋದು ಯಾವತ್ತಾದ್ರೂ ನಿಲ್ಲುತ್ತಾ? 1/ಎನ್ ಸೀರೀಸ್ ಡೈವರ್ಜ್, ಇಂಡಿಪೆಂಡೆನ್ಸ್ ಇದೆ, ಎರಡನೇ ಭಾಗ ಹಾಕಿ, ದಾಖಲೆ ಅನಂತ ಸಲ ಮುರಿಯುತ್ತೆ, ಪ್ರಾಬಬಿಲಿಟಿ ಒಂದು. ಆದ್ರೆ ನಿಧಾನ, ನೂರು ವರ್ಷದಲ್ಲಿ ಸರಾಸರಿ 5.19 ದಾಖಲೆ (ಮೊದಲ ವರ್ಷ ಲೆಕ್ಕಕ್ಕೆ ಸೇರಿಸಿ), ಸಾವಿರ ವರ್ಷಕ್ಕೆ 7.49. ಪೇಪರಲ್ಲಿ ವರ್ಷ ವರ್ಷ "ದಾಖಲೆ ಮಳೆ" ಅಂತ ಬರೋದು ಹೆಂಗೆ ಅಂದ್ರೆ ಊರು ಬೇರೆ, ತಿಂಗಳು ಬೇರೆ, 24 ಗಂಟೆ ದಾಖಲೆ ಬೇರೆ, ಹುಡುಕಿದ್ರೆ ಎಲ್ಲೋ ಒಂದು ಸಿಕ್ಕೇ ಸಿಗುತ್ತೆ.

ಪ್ರಶ್ನೆ ಎರಡು: ಬೆನ್ನುಬೆನ್ನಿಗೆ ಎರಡು ವರ್ಷ ದಾಖಲೆ ಎಷ್ಟು ಸಲ? ಎನ್ ಮತ್ತು ಎನ್+1 ಎರಡೂ ದಾಖಲೆ ಆಗೋ ಚಾನ್ಸ್ 1/ಎನ್(ಎನ್+1), ಇದನ್ನ ಕೂಡಿದ್ರೆ ಒಂದಕ್ಕೊಂದು ಹೊಡ್ಕೊಂಡು ಮೊತ್ತ ಸರಿಯಾಗಿ 1. ಈ ಜೋಡಿ ಘಟನೆಗಳು ಇಂಡಿಪೆಂಡೆಂಟ್ ಅಲ್ಲ, ಪಕ್ಕಪಕ್ಕದ ಜೋಡಿಯಲ್ಲಿ ಒಂದು ವರ್ಷ ಎರಡಕ್ಕೂ ಸೇರಿರುತ್ತೆ, ಆದ್ರೆ ಮೊದಲ ಭಾಗಕ್ಕೆ ಇಂಡಿಪೆಂಡೆನ್ಸ್ ಬೇಕಾಗೇ ಇಲ್ಲ. ಹಂಗಾಗಿ ಯುಗಯುಗ ಮಳೆ ಬಂದ್ರೂ ಇಂಥ ಜೋಡಿ ಸೀಮಿತ ಸಲ ಮಾತ್ರ, ಸರಾಸರಿ ಒಂದೇ ಸಲ. ಹೋಗಲಿ, ಎಷ್ಟು ಸಲ ಅನ್ನೋದರ ಡಿಸ್ಟ್ರಿಬ್ಯೂಶನ್ ಏನು ಅಂತ ಕೇಳಿದ್ರೆ ಉತ್ತರ ಪ್ವಾಸಾನ್, ಮೀನ್ 1. ಪ್ರೂಫ್ ನೀವೇ ಮಾಡಿ, ರ್‍ಯಾಂಡಮ್ ಪರ್ಮ್ಯುಟೇಶನ್‌ನ ಫಿಕ್ಸ್ಡ್ ಪಾಯಿಂಟ್ ಕಡೆ ಒಮ್ಮೆ ತಿರುಗಿ ನೋಡಿ.

ಎರಡನೇ ಭಾಗದಲ್ಲಿ ಇಂಡಿಪೆಂಡೆನ್ಸ್ ಮರೆತ್ರೆ ಏನಾಗುತ್ತೆ ಅನ್ನೋದಕ್ಕೆ: ಯು ಅನ್ನೋದು 0ಯಿಂದ 1ರ ನಡುವೆ ಯೂನಿಫಾರ್ಮ್, ಎನ್‌ನೇ ಘಟನೆ ಯು 1/ಎನ್‌ಗಿಂತ ಕಮ್ಮಿ ಇರೋದು. ಸೀರೀಸ್ ಡೈವರ್ಜ್, ಆದ್ರೆ ಅನಂತ ಸಲ ಆಗೋ ಪ್ರಾಬಬಿಲಿಟಿ ಸೊನ್ನೆ. ನೆಟ್‌ನಲ್ಲಿ ಈ ಥರದ್ದೇ ಬಲೆ ಹಾಕ್ತಾರೆ. ಎರಡೆರಡು ಇಂಡಿಪೆಂಡೆಂಟ್ ಇದ್ರೆ ಎರಡನೇ ಭಾಗ ನಡೆಯುತ್ತೆ, ಅದೂ ಇಲ್ಲ ಅಂದ್ರೆ ಕೊಚೆನ್-ಸ್ಟೋನ್ ನೋಡಿ, ಅದು ಒಂದು ಅಂತ ಹೇಳಲ್ಲ, ಸೊನ್ನೆಗಿಂತ ಜಾಸ್ತಿ ಅಂತ ಹೇಳೋಕೆ ಸಾಕಾಗುತ್ತೆ.

ದಾಖಲೆ ಸಂಖ್ಯೆ ಭಾಗಿಸು ಲಾಗ್ ಎನ್ ಒಂದಕ್ಕೆ ಹೋಗುತ್ತೆ ಅಂತ ಪ್ರೂವ್ ಮಾಡೋಕೆ ಎರಡು ದಾರಿ. ಒಂದು, ಚೆಬಿಶೆವ್ ಹಾಕಿ ಕೆ ವರ್ಗದಷ್ಟು ಇ ಘಾತ ಇರೋ ವರ್ಷಗಳ ಮೇಲೆ ಮಾತ್ರ ನಿಂತ್ಕೊಂಡು ಮಧ್ಯದ ಗ್ಯಾಪ್ ತುಂಬೋದು, ಮೇಲೆ ಹೇಳಿದ ಉಪಾಯವೇ. ಎರಡು, ಕೊಲ್ಮೊಗೊರೊವ್ ಸೀರೀಸ್ ಥಿಯರಮ್: ವೇರಿಯನ್ಸ್ ಅನ್ನ ಲಾಗ್ ವರ್ಗದಿಂದ ಭಾಗಿಸಿ ಕೂಡಿದ್ರೆ ಕನ್ವರ್ಜ್, ಮುಂದೆ ಕ್ರೊನೆಕರ್ ಲೆಮ್ಮಾ. ಎರಡನೇದು ಎರಡು ಸಾಲು, ನಾನು ಅದನ್ನೇ ಬರೀತೀನಿ. ಆದ್ರೆ ಅದಕ್ಕೆ ಪೂರ್ತಿ ಇಂಡಿಪೆಂಡೆನ್ಸ್ ಬೇಕು, ಲೆಕ್ಕದಲ್ಲಿ ಅದಿಲ್ಲ ಅಂದ್ರೆ ಮೊದಲನೇದು ಬಿಟ್ರೆ ಗತಿಯಿಲ್ಲ.

ಸೆಂಟ್ರಲ್ ಲಿಮಿಟ್ (ಮೊತ್ತದ ಡಿಸ್ಟ್ರಿಬ್ಯೂಶನ್ ನಾರ್ಮಲ್ ಕಡೆ ಹೋಗೋದು) ವಿಷ್ಯಕ್ಕೆ ಇದೇ ಲೆಕ್ಕ ಸಾಕು. ಎಲ್ಲಾ ವೇರಿಯೇಬಲ್‌ಗೂ ಒಂದೇ ಡಿಸ್ಟ್ರಿಬ್ಯೂಶನ್ ಇದ್ರೆ ಕ್ಯಾರಕ್ಟರಿಸ್ಟಿಕ್ ಫಂಕ್ಷನ್ ಕಣ್ಮುಚ್ಚಿ ಹಾಕಿ. ಇಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಬಬಿಲಿಟಿ, ಆಗ ಲಿಂಡೆಬೆರ್ಗ್ (1922) ಹಗುರ: ಒಂದೊಂದು ಪದವೂ ಒಂದಕ್ಕಿಂತ ದೊಡ್ಡದಾಗಲ್ಲ, ಒಟ್ಟು ವೇರಿಯನ್ಸ್ ಲಾಗ್ ಎನ್ ಥರ ಅನಂತಕ್ಕೆ ಹೋಗುತ್ತೆ, ಸೋ ಒಂದು ಹಂತ ದಾಟಿದ್ಮೇಲೆ ಲಿಂಡೆಬೆರ್ಗ್ ಕಂಡೀಶನ್‌ನ ಮೊತ್ತ ನೇರ ಸೊನ್ನೆನೇ. ಆದ್ರೆ ಲಿಮಿಟ್ ನಾರ್ಮಲ್ ಅಂತ ಬಂದ ಮಾತ್ರಕ್ಕೆ ನೂರು ವರ್ಷದ ಡೇಟಾಗೆ ನಾರ್ಮಲ್ ಟೇಬಲ್ ತೆಗೀಬೇಡಿ, ನೂರರ ಲಾಗ್ 4.6 ಅಷ್ಟೆ, ಅಲ್ಲಿ ಪ್ವಾಸಾನ್ ವಾಸಿ. ಡಿಪೆಂಡೆನ್ಸ್ ಇದ್ದು ತಪ್ಪು ಎಷ್ಟು ಅಂತಲೂ ಬೇಕಾದಾಗ ಸ್ಟೈನ್ ವಿಧಾನ (1972), ಅಲ್ಲಿವರೆಗೆ ಬೇಡ.

ಲಿಮಿಟ್ ಇಂಟಿಗ್ರಲ್ ಒಳಗೆ ಹೋಗ್ಬೋದಾ?

ಅನಾಲಿಸಿಸ್ ಕಡೆ ಅತಿ ಜಾಸ್ತಿ ಕೇಳೋದು ಇದೇ. ಫಂಕ್ಷನ್ ಪಾಸಿಟಿವ್ ಆಗಿದ್ದು ಏರ್ತಾ ಹೋದ್ರೆ ಮೊನೊಟೋನ್ ಕನ್ವರ್ಜೆನ್ಸ್, ಮುಗೀತು, ಬೇರೆ ಯೋಚ್ನೆ ಬೇಡ. ಪಾಸಿಟಿವ್ ಅಂತ ಮಾತ್ರ ಗೊತ್ತಿದ್ರೆ ಫಾತೂ, ಅದು ಒಂದೇ ಕಡೆಯ ಅಸಮತೆ ಕೊಡುತ್ತೆ, ಆದ್ರೆ ಸುಮಾರು ಸಲ ಬೇಕಾಗೋದು ಆ ಒಂದು ಕಡೆನೇ. ಮಿಕ್ಕಿದ್ದಕ್ಕೆಲ್ಲಾ ಜನ ಡಿಸಿಟಿ, ಅಂದ್ರೆ ಡಾಮಿನೇಟೆಡ್ ಕನ್ವರ್ಜೆನ್ಸ್ ಅಂತಾರೆ, ಅದಕ್ಕೆ ಎಲ್ಲಾ ಎನ್‌ಗೂ ಮೇಲಿಂದ ಮುಚ್ಚೋ ಒಂದೇ ಇಂಟಿಗ್ರೇಬಲ್ (ಇಂಟಿಗ್ರಲ್ ಫೈನೈಟ್ ಇರೋ) ಕೊಡೆ ಫಂಕ್ಷನ್ ಬೇಕು.

ಡಿಸಿಟಿ ಕೈ ಕೊಟ್ರೂ ಉತ್ತರ ಸರಿ ಇರೋ ಜಾಗ ಒಂದಿದೆ, ಇದನ್ನ ನಿಧಾನಕ್ಕೆ ನೋಡಿ. 0ಯಿಂದ 1/ಎನ್ ವರೆಗೆ ಎನ್ ಎತ್ತರ ಇರೋ ಕಂಬ, ಆಚೆ ಸೊನ್ನೆ. ಇಂಟಿಗ್ರಲ್ ಯಾವಾಗ್ಲೂ 1, ಲಿಮಿಟ್ ಫಂಕ್ಷನ್ ಸೊನ್ನೆ, ಲಿಮಿಟ್ ಒಳಗೆ ಹೋಗಲ್ಲ, ಇದು ಎಲ್ಲರಿಗೂ ಗೊತ್ತಿರೋದು. ಈಗ ಎತ್ತರನ ಸ್ವಲ್ಪ ತಗ್ಗಿಸಿ, ಎನ್ ಭಾಗಿಸು ಲಾಗ್ ಎನ್ ಮಾಡಿ. ಇಂಟಿಗ್ರಲ್ 1/ಲಾಗ್ ಎನ್, ಸೊನ್ನೆಗೆ ಹೋಗುತ್ತೆ, ಅಂದ್ರೆ ಲಿಮಿಟ್ ಒಳಗೆ ಹೋಯ್ತು. ಆದ್ರೆ ಎಲ್ಲಾ ಕಂಬಗಳ ಮೇಲೆ ಹೊದಿಸೋ ಫಂಕ್ಷನ್ ಬೇಕು ಅಂದ್ರೆ ಅದು ಸೊನ್ನೆ ಹತ್ರ 1 ಭಾಗಿಸು ಎಕ್ಸ್ ಲಾಗ್ (1/ಎಕ್ಸ್) ಅಷ್ಟಾದ್ರೂ ಎತ್ತರ ಇರ್ಬೇಕು, ಅದರ ಇಂಟಿಗ್ರಲ್ ಲಾಗ್‌ನ ಲಾಗ್ ಥರ ಬಹಳ ನಿಧಾನಕ್ಕೆ ಅನಂತಕ್ಕೆ ಹೋಗುತ್ತೆ. ಡಿಸಿಟಿಗೆ ಕೊಡೆ ಸಿಗಲ್ಲ. ಇಲ್ಲಿ ಕೆಲಸಕ್ಕೆ ಬರೋದು ವಿಟಾಲಿ ಥಿಯರಮ್, ಅದರ ಕಂಡೀಶನ್ ಯೂನಿಫಾರ್ಮ್ ಇಂಟಿಗ್ರೇಬಿಲಿಟಿ (ದೊಡ್ಡ ಬೆಲೆಗಳಿಂದ ಬರೋ ಪಾಲು ಎಲ್ಲಾ ಎನ್‌ಗೂ ಒಟ್ಟಿಗೆ ಸಣ್ಣ ಇರೋದು). ಪ್ರಾಬಬಿಲಿಟಿ ಸ್ಪೇಸ್ ಮೇಲೆ, ಪಾಸಿಟಿವ್ ಫಂಕ್ಷನ್‌ಗಳು ಇಂಟಿಗ್ರೇಬಲ್ ಲಿಮಿಟ್‌ಗೆ ಹೋಗ್ತಿದ್ರೆ ಇಂಟಿಗ್ರಲ್ ಕೂಡ ಹೋಗೋದಕ್ಕೆ ಇದು ಬೇಕೇ ಬೇಕು, ಸಾಕೂ ಸಾಕು, ಡಿಸಿಟಿ ಬರೀ ಸಾಕು. ಹಂಗಂತ ಮೊದಲೇ ವಿಟಾಲಿಗೆ ಹೋಗ್ಬೇಡಿ, ಕೊಡೆ ಸಿಗುತ್ತಾ ಅಂತ ಎರಡು ನಿಮಿಷ ಹುಡುಕಿ, ಸಿಗದಿದ್ರೆ ಎರಡನೇ ಮೊಮೆಂಟ್ ಎಲ್ಲಾ ಎನ್‌ಗೂ ಒಂದೇ ಮಿತಿ ಒಳಗಿದ್ಯಾ ನೋಡಿ, ಇದ್ರೆ ಯೂನಿಫಾರ್ಮ್ ಇಂಟಿಗ್ರೇಬಿಲಿಟಿ ಫ್ರೀ ಆಗಿ ಸಿಕ್ತು.

ಸೈನ್ ಎಕ್ಸ್ ಭಾಗಿಸು ಎಕ್ಸ್, ಸೊನ್ನೆಯಿಂದ ಅನಂತದವರೆಗೆ, ಉತ್ತರ ಪೈ/2. ಕಾಂಪ್ಲೆಕ್ಸ್ ಪೇಪರಲ್ಲಿ ಕಾಂಟೂರ್, ರಿಯಲ್ ಪೇಪರಲ್ಲಿ ಇ ಘಾತ ಮೈನಸ್ ಟಿ ಎಕ್ಸ್ ಗುಣಿಸಿ ಡಿಫರೆನ್ಷಿಯೇಟ್ ಮಾಡಿ. ಆಮೇಲೆ ಟಿ ಸೊನ್ನೆಗೆ ಬಿಡುವಾಗ ಮಾತ್ರ ಡಿಸಿಟಿ ಅಂತ ಬರೀಬೇಡಿ, ಈ ಫಂಕ್ಷನ್‌ನ ಮಾಡ್ಯುಲಸ್ ಇಂಟಿಗ್ರೇಬಲ್ಲೇ ಅಲ್ಲ. ಬೈ ಪಾರ್ಟ್ಸ್ ಮಾಡಿ ಬಾಲ ಯೂನಿಫಾರ್ಮ್ ಆಗಿ ಸಣ್ಣ ಅಂತ ತೋರಿಸ್ಬೇಕು.

ಕಾಯೋ ಲೆಕ್ಕ: ಸಮೀಕರಣ ಬರೀಬೇಕಾ, ಜೂಜುಕೋರರನ್ನ ಕರೀಬೇಕಾ?

ಒಂದು ಪ್ಯಾಟರ್ನ್ ಬರೋಕೆ ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್-ಟೇಲ್-ಹೆಡ್‌ಗೆ ಒಂದೊಂದು ಸ್ಥಿತಿಗೂ ಸಮೀಕರಣ ಬರೆದ್ರೆ ಮೂರು ಅಜ್ಞಾತ, ಬಿಡಿಸಿದ್ರೆ 10. ಹೆಡ್-ಹೆಡ್-ಹೆಡ್‌ಗೆ 14. ಪ್ಯಾಟರ್ನ್ ಸಣ್ಣದಿದ್ರೆ ಇದೇ ಸಾಕು, ಮಾರ್ಟಿಂಗೇಲ್ ಹೆಸರೂ ಎತ್ಬೇಡಿ. ಆದ್ರೆ ಪ್ಯಾಟರ್ನ್ ಉದ್ದ ಆದ್ರೆ ಆಟ ಬದಲಾಗುತ್ತೆ. ಮೊಬೈಲಲ್ಲಿ ಕಣ್ಮುಚ್ಚಿ 0ಯಿಂದ 9ರ ಒಳಗೆ ಒಂದೊಂದೇ ಅಂಕಿ ಒತ್ತುತ್ತಾ ಹೋಗಿ, ಶಿವಮೊಗ್ಗದ ಪಿನ್‌ಕೋಡ್ 577201 ಬರೋಕೆ ಸರಾಸರಿ ಎಷ್ಟು ಒತ್ತಬೇಕು? ಪ್ರತಿ ಸಲಕ್ಕೂ ಒಬ್ಬ ಹೊಸ ಜೂಜುಕೋರ ಒಂದು ರೂಪಾಯಿ ಹಿಡ್ಕೊಂಡು ಬರ್ತಾನೆ, 5ರ ಮೇಲೆ ಕಟ್ತಾನೆ, ಗೆದ್ರೆ ಹತ್ತು ಪಟ್ಟು, ಅದಷ್ಟನ್ನೂ 7ರ ಮೇಲೆ, ಹಿಂಗೇ. ಆಟ ನ್ಯಾಯದ್ದು, ಹಂಗಾಗಿ ನಿಂತಾಗ ಜೂಜು ನಡೆಸೋ ಅಂಗಡಿಯವನಿಗೆ ಬಂದಿದ್ದು ಒತ್ತಿದ ಸಂಖ್ಯೆಯಷ್ಟು ರೂಪಾಯಿ, ಕೊಡಬೇಕಾಗಿದ್ದು ಪೂರ್ತಿ ಗೆದ್ದವನಿಗೆ ಹತ್ತರ ಘಾತ ಆರು, ಮಧ್ಯದಲ್ಲಿ ಬಂದವರ್‍ಯಾರೂ ಉಳಿದಿಲ್ಲ. ಉತ್ತರ 10,00,000. ಅದೇ 577577 ಆಗಿದ್ರೆ ಕೊನೆಯ ಮೂರು ಅಂಕಿಯಲ್ಲಿ ಬಂದವನೂ ಗೆಲ್ತಾ ಇರ್ತಾನೆ, ಅವನಿಗೆ ಸಾವಿರ, ಉತ್ತರ 10,01,000. ಸಮೀಕರಣ ಒಂದೂ ಬರೀಲಿಲ್ಲ.

ಎರಡು ಪ್ಯಾಟರ್ನ್‌ನಲ್ಲಿ ಯಾವುದು ಮೊದಲು ಅಂತ ಕೇಳಿದಾಗ ಪೆನ್ ಎತ್ತೋ ಮೊದಲು ಕಣ್ಣಾಡಿಸಿ. ಟೇಲ್-ಹೆಡ್-ಹೆಡ್‌ಗಿಂತ ಹೆಡ್-ಹೆಡ್-ಹೆಡ್ ಮೊದಲು ಬರೋದು ಶುರುವಿನ ಮೂರೂ ಹೆಡ್ ಆದ್ರೆ ಮಾತ್ರ, ಒಂದು ಟೇಲ್ ಬಿತ್ತೋ ಮುಗೀತು. 1/8. ಥಿಯರಮ್ಮೇ ಬೇಡ.

ಮಾರ್ಟಿಂಗೇಲ್ ಹಾಕೋರು ಆಪ್ಶನಲ್ ಸ್ಟಾಪಿಂಗ್ (ನಿಲ್ಲಿಸಿದಾಗಿನ ಸರಾಸರಿ ಬೆಲೆ ಶುರುವಿನ ಬೆಲೆಗೆ ಸಮ ಅನ್ನೋ ಥಿಯರಮ್) ಕಂಡೀಶನ್ ಬರೀದೇ ಬಿಟ್ರೆ ಅಂಕ ಹೋಗುತ್ತೆ, ಹೋಗಲೇಬೇಕು ಕೂಡ. ಸಿಮೆಟ್ರಿಕ್ ರ್‍ಯಾಂಡಮ್ ವಾಕ್ ಸೊನ್ನೆಯಿಂದ ಹೊರಟು ಮೊದಲ ಸಲ 1 ಮುಟ್ಟಿದಾಗ ನಿಲ್ಲಿಸಿ, ಮುಟ್ಟೇ ಮುಟ್ಟುತ್ತೆ, ನಿಂತಾಗ ಬೆಲೆ 1, ಆದ್ರೆ ಶುರುವಿನ ಬೆಲೆ 0. ಸಮ ಇಲ್ಲ, ಯಾಕಂದ್ರೆ ಕಾಯೋ ಸಮಯದ ಸರಾಸರಿ ಅನಂತ. ಪಿನ್‌ಕೋಡ್ ಲೆಕ್ಕದಲ್ಲಿ ಸಮಯದ ಸರಾಸರಿ ಫೈನೈಟ್, ಒಂದೊಂದು ಹೆಜ್ಜೆಯ ಏರಿಳಿತಕ್ಕೂ ಮಿತಿ ಇದೆ, ಅದನ್ನ ಒಂದು ಸಾಲಲ್ಲಿ ಬರೆದ್ರೆ ಸಾಕು.

ಪರೀಕ್ಷೆ ಯಾವುದು ಅನ್ನೋದ್ರ ಮೇಲೂ ಆಯ್ಕೆ ಬದಲಾಗುತ್ತೆ. ಸಿಎಸ್‌ಐಆರ್ ನೆಟ್ ಗಣಿತದ ಪಾರ್ಟ್ ಸಿಯಲ್ಲಿ ಒಂದಕ್ಕಿಂತ ಜಾಸ್ತಿ ಆಪ್ಶನ್ ಸರಿ ಇರ್ಬೋದು, ಎಲ್ಲಾ ಸರಿ ಆಪ್ಶನ್ ಗುರ್ತು ಹಾಕಿದ್ರೆ ಮಾತ್ರ 4.75 ಅಂಕ, ನೆಗೆಟಿವ್ ಇಲ್ಲ. ಅಲ್ಲಿ ಪ್ರೂಫ್ ಹುಡುಕ್ಬೇಡಿ, ಪ್ರತಿ ಆಪ್ಶನ್‌ಗೂ ಮೊದ್ಲು ಉರುಳಿಸೋ ಉದಾಹರಣೆ ಹುಡುಕಿ, ಮೇಲಿನ ಬಿಟ್‌ಗಳು, ಕಂಬ, ಲಾಗ್ ಕಂಬ, ಯೂನಿಫಾರ್ಮ್ ಯು, ಈ ನಾಲ್ಕೇ ಅರ್ಧ ಆಪ್ಶನ್ ಹೊಡೆದು ಹಾಕುತ್ತೆ. ಯೂನಿವರ್ಸಿಟಿ ಪೇಪರಲ್ಲಿ ಉಲ್ಟಾ, ಅಲ್ಲಿ ಥಿಯರಮ್ ಹೆಸರು, ಕಂಡೀಶನ್ ಸರಿ ಇದೆ ಅನ್ನೋ ಸಾಲು, ಆಮೇಲೆ ಲೆಕ್ಕ, ಈ ಕ್ರಮದಲ್ಲಿ ಬರೀರಿ, ಕೊನೆ ಉತ್ತರ ತಪ್ಪಾದ್ರೂ ಅರ್ಧಕ್ಕಿಂತ ಜಾಸ್ತಿ ಅಂಕ ಅಲ್ಲೇ ಸಿಕ್ಕಿರುತ್ತೆ.